ಕುದುರೆಯ ಬಲಗಾಲು

ವಿನೋಬನಗರದ ನಮ್ಮ ಮನೆಯ ಶೋಕೇಸಿನಲ್ಲಿ ನಾನು ಮಾಡಿದ ಕುದುರೆಗಳಿವೆ. ಬಂದವರೆಲ್ಲ ಅವುಗಳ ಮುಂದೆ ನಿಂತು ಎರಡೇ ಮಾತು ಆಡುತ್ತಾರೆ. ಒಂದು, ಇದಕ್ಕೆ ಬಂಗಾರದ ಬಣ್ಣ ಹೊಡೆಯಬಹುದಿತ್ತು. ಇನ್ನೊಂದು, ಮುಂಗಾಲೆತ್ತಿ ಓಡುವ ಏಳು ಕುದುರೆ ಮಾಡಿಟ್ಟರೆ ಮನೆಗೆ ಒಳ್ಳೆಯದು. ಇವರಲ್ಲಿ ಒಬ್ಬರೂ ಕುದುರೆಯ ಹತ್ತಿರ ಹೋಗಿ ನಿಂತವರಲ್ಲ. ಕುದುರೆ ದಿನದ ಹೆಚ್ಚು ಹೊತ್ತು ಸುಮ್ಮನೆ ನಿಂತಿರುತ್ತದೆ ಎಂದರೆ ನನ್ನನ್ನೇ ಅನುಮಾನದಿಂದ ನೋಡುತ್ತಾರೆ.

ನಾನು ಮಾಡುವುದು ನಿಂತ ಕುದುರೆಗಳನ್ನೇ. ಮೊದಲು ತಂತಿ ಬಗ್ಗಿಸಿ ಮೈಕಟ್ಟು, ಅದರ ಮೇಲೆ ನೆನೆಸಿ ಅರೆದ ಕಾಗದದ ಮುದ್ದೆ, ಒಣಗಿದ ಮೇಲೆ ಬಣ್ಣ. ಜೂಲು ಮತ್ತು ಬಾಲಕ್ಕೆ ಮಾತ್ರ ನಿಜವಾದ ಕೂದಲು. ಅದು ಭದ್ರಾವತಿ ರಸ್ತೆಯ ರೈಡಿಂಗ್ ಕ್ಲಾಸಿನ ಕಂದು ಹೆಣ್ಣು ಕುದುರೆಯದು. ಭಾನುವಾರ ಸವಾರಿಗೆ ಮುಂಚೆ ಮೈ ಉಜ್ಜುವಾಗ ಬ್ರಷ್ಷಿಗೆ ಬಂದಷ್ಟನ್ನು ಕವರಿನಲ್ಲಿ ತರುತ್ತೇನೆ. ನಲವತ್ತು ದಾಟಿದ, ಆಫೀಸಿಗೆ ಹೋಗುವ ಸೊಸೆ ಕುದುರೆಯ ಕೂದಲನ್ನು ತೊಳೆದು ಊಟದ ಟೇಬಲ್ಲಿನ ಮೇಲೆ ಹರಡುವುದು ನಮ್ಮ ಅತ್ತೆಗೆ ಸಹಿಸಲಾಗದ ವಿಷಯ. ಆದರೆ ಸವಾರಿ ಮುಗಿಸಿ ಬಂದಾಗ ಆ ಕುದುರೆಯ ಭುಜದ ಉಬ್ಬು ನನ್ನ ಅಂಗೈಯಲ್ಲಿ ಇನ್ನೂ ಇರುತ್ತದೆ. ಅದೇ ಕೈಯಲ್ಲಿ ಮುದ್ದೆ ಮೆತ್ತುವ ಸುಖದ ಮುಂದೆ ಅವರ ಗೊಣಗಾಟ ನನಗೆ ಲೆಕ್ಕಕ್ಕಿಲ್ಲ.

ಕ್ಲಾಸಿಗೆ ಬರುವ ಉಳಿದವರು ಹೊಸ ಬೂಟು ಹಾಕಿಕೊಂಡು ಕುದುರೆಗಿಂತ ಹೆಚ್ಚಾಗಿ ಮೊಬೈಲು ನೋಡುವವರು. ಕ್ಲಾಸಿನ ಮಾಲೀಕ ಬಾಯಿ ಬಿಟ್ಟರೆ "ಇದು ನನ್ ಮಗಳಿದ್ದಂಗೆ ಮೇಡಂ" ಅನ್ನುವವನು. ಮದುವೆ ಸೀಸನ್ನಿನಲ್ಲಿ ಆ ಮಗಳನ್ನು ಮೆರವಣಿಗೆಗೆ ಬಾಡಿಗೆಗೆ ಬಿಡುತ್ತಿದ್ದ.

ಹೋದ ವರ್ಷ ಅದರದೇ ಹೊಸ ಬೊಂಬೆ ಮಾಡುತ್ತಿದ್ದೆ. ಬಲ ಮುಂಗಾಲಿನ ತಂತಿಯನ್ನು ಒಂಚೂರು ಮುಂದಕ್ಕೆ ಚಾಚಿಸಿದ್ದೆ.

"ಕಾಲು ಸೊಟ್ಟ ಆಗಿದೆಯಲ್ಲ ಮಾರಾಯ್ತಿ," ಎಂದರು ನನ್ನ ಗಂಡ.

"ಅದು ನಿಲ್ಲೋದೇ ಹಂಗೆ," ಎಂದು ಅವರ ಬಾಯಿ ಮುಚ್ಚಿಸಿದೆ.

ಆಮೇಲೆ, ಮಳೆಗಾಲದಲ್ಲಿ ಮಾಡಿದ್ದ ಅದೇ ಕುದುರೆಯ ಬೊಂಬೆಯನ್ನು ತಂದು ಪಕ್ಕದಲ್ಲಿಟ್ಟೆ. ಅದರ ಮುಂಗಾಲೆರಡೂ ಸಮವಾಗಿದ್ದವು. ಕುದುರೆ ಹಿಂಗಾಲನ್ನು ಸಡಿಲ ಬಿಟ್ಟು ನಿಂತರೆ ಆರಾಮವಾಗಿದೆ ಎಂದರ್ಥ. ಮುಂಗಾಲನ್ನು ಚಾಚಿ ನಿಂತರೆ ಆ ಕಾಲಲ್ಲಿ ನೋವಿದೆ ಎಂದರ್ಥ. ಇದು ನನಗೆ ಓದಿ ಗೊತ್ತಿದ್ದದ್ದೇ. ಕಣ್ಣು ಕಂಡದ್ದನ್ನು ಕೈ ಮಾಡಿತ್ತು, ತಲೆಗೆ ಮಾತ್ರ ಹೊಳೆದಿರಲಿಲ್ಲ.

ಭಾನುವಾರ ಎರಡೂ ಬೊಂಬೆ ತೆಗೆದುಕೊಂಡು ಹೋದೆ. ಮಾಲೀಕನ ಹತ್ತಿರ ಭದ್ರಾವತಿಯ ಮದುವೆಯೊಂದರ ಪಾರ್ಟಿ ಬಂದಿತ್ತು, ಮದುಮಗನ ಸೋದರಮಾವ. ನಾನು ವಿಷಯ ಹೇಳಿ ಮುಗಿಸುವುದರೊಳಗೆ ಮಾಲೀಕ ಹೊಸ ಬೊಂಬೆಯನ್ನು ನನ್ನ ಕೈಯಿಂದ ಇಸಿದುಕೊಂಡ.

"ನೋಡಿ ಸಾರ್, ಯಾವಾಗ್ಲೂ ಬಲಗಾಲು ಮುಂದಿಟ್ಕೊಂಡೇ ನಿಲ್ಲುತ್ತೆ. ಮದುವೆಗೆ ಇದಕ್ಕಿಂತ ಶುಭ ಇನ್ನೇನು ಬೇಕು?"

ಸೋದರಮಾವ ಕುದುರೆಗೆ ಕೈಮುಗಿಯುವುದೊಂದು ಬಾಕಿ. ಸೊಸೆ ಬಲಗಾಲಿಟ್ಟು ಒಳಗೆ ಬರಬೇಕು ಎನ್ನುವ ಜನ, ಕುದುರೆಯ ನೋವನ್ನೂ ಅದೇ ಲೆಕ್ಕಕ್ಕೆ ಸೇರಿಸಿಬಿಟ್ಟರು. ನನ್ನ ಪಿತ್ತ ನೆತ್ತಿಗೇರಿತು.

"ಕಾಲು ನೋವಿಗೆ ಹಂಗೆ ನಿಂತಿದೆ ಸಾರ್," ಎಂದೆ.

"ಜಾಸ್ತಿ ದೂರ ಇಲ್ಲ ಮೇಡಂ, ಓಲ್ಡ್ ಟೌನಲ್ಲಿ ಒಂದು ರೌಂಡು ಅಷ್ಟೇ," ಎಂದರು ಅವರು, ನನ್ನ ಮುಖ ಸಹ ನೋಡದೆ.

ಟಾರು ರಸ್ತೆ, ಪಟಾಕಿ, ಡಿಜೆ, ಮೇಲೆ ದಪ್ಪ ಶೇರ್ವಾನಿಯ ಮದುಮಗ. ನಾನು ಮಾತು ನಿಲ್ಲಿಸಿ ಲಗಾಮು ಹಿಡಿದು ಕುದುರೆಯನ್ನು ಗೇಟಿನಾಚೆಯ ಟಾರಿನ ಮೇಲೆ ಪಕ್ಕದಲ್ಲಿ ಓಡಿಸಿಕೊಂಡು ಬಂದೆ. ಬಲಗಾಲು ನೆಲಕ್ಕೆ ಬಿದ್ದಾಗಲೆಲ್ಲ ಅದು ತಲೆಯನ್ನು ಮೇಲಕ್ಕೆ ಜಗ್ಗುತ್ತಿತ್ತು.

"ನಿಮ್ಮ ಹುಡುಗ ಛತ್ರದ ಬಾಗಿಲಿಗೆ ಕುಂಟೋ ಕುದುರೆ ಮೇಲೆ ಬರ್ತಾನೆ. ಅದೂ ಬಲಗಾಲು ಕುಂಟೋದು, ಬೀಗರೆಲ್ಲ ನೋಡ್ತಿರುವಾಗ. ಇದು ಶುಭಾನಾ ಅಶುಭಾನಾ, ನೀವೇ ಹೇಳಿ."

ನೋವು ಎಂದಾಗ ಅಲುಗದ ಮುಖ ಅಶುಭ ಎಂದ ಕೂಡಲೇ ಬಿಳಿಚಿಕೊಂಡಿತು. "ಕಾರಲ್ಲೇ ಕರ್ಕೊಂಡು ಹೋಗ್ತೀವಿ ಬಿಡಿ," ಎಂದು ಅವರು ಹೊರಟೇಬಿಟ್ಟರು. ಶಕುನವನ್ನು ನಾನು ಕವಡೆಯಷ್ಟೂ ನಂಬುವುದಿಲ್ಲ. ಆದರೆ ಈ ಜನರ ಕಿವಿಗೆ ಬೀಳುವುದು ಅದೊಂದೇ ಆದರೆ ನಾನಾದರೂ ಏನು ಮಾಡಲಿ.

ಬುಕಿಂಗ್ ಕೈತಪ್ಪಿದ ಮೇಲೆ ಮಾಲೀಕ ಡಾಕ್ಟರನ್ನು ಕರೆಸಿದ. ಲಾಳ ಬಿಚ್ಚಿದರೆ ಒಂದು ಮೊಳೆ ಓರೆಯಾಗಿ ಗೊರಸಿನ ಒಳಕ್ಕೆ ಒತ್ತಿತ್ತು. ಡಾಕ್ಟರು ಕೆರೆದಲ್ಲಿ ಕಪ್ಪು ಕೀವು ಬಂತು.

"ನನ್ ಮಗಳಿದ್ದಂಗೆ ಮೇಡಂ, ನಂಗೇ ಗೊತ್ತಾಗ್ಲಿಲ್ವಲ್ಲ," ಎಂದ.

"ಮಗಳ ಕಾಲಾಗಿದ್ರೆ ಗೊತ್ತಾಗಿರೋದು," ಎಂದೆ. ಅದಕ್ಕೂ ಹಲ್ಲು ಕಿರಿದ.

ಆಮೇಲೆ ಎಷ್ಟೋ ವಾರ ಸವಾರಿ ಇರಲಿಲ್ಲ. ಹೋಗುವುದು, ಮೈ ಉಜ್ಜುವುದು, ನಿಂತು ನೋಡುವುದು. ಮನೆಯಲ್ಲಿ ಇನ್ನೊಂದು ಬೊಂಬೆ ಶುರು ಮಾಡಿದೆ. ಕುತ್ತಿಗೆ, ಬೆನ್ನು ಮುಗಿದವು. ಕಾಲಿನ ತಂತಿಗಳನ್ನು ಮಾತ್ರ ಬಗ್ಗಿಸದೆ ಹಾಗೇ ಬಿಟ್ಟಿದ್ದೆ.

ಒಂದು ಬೆಳಿಗ್ಗೆ ಹೋದಾಗ ಅದು ಬೇವಿನ ಮರದ ಕೆಳಗೆ ತೂಕಡಿಸುತ್ತಿತ್ತು. ಮುಂಗಾಲೆರಡೂ ಸಮ. ಎಡ ಹಿಂಗಾಲು ಮಾತ್ರ ಮಡಚಿ, ಗೊರಸಿನ ತುದಿ ನೆಲಕ್ಕೆ ತಾಗಿಸಿ ನಿಂತಿತ್ತು. ನಾನು ಅದರ ಕುತ್ತಿಗೆಗೆ ಮುಖವಿಟ್ಟು ಅತ್ತೆ. ಫೋಟೋ ತೆಗೆಸಿಕೊಳ್ಳುತ್ತಿದ್ದ ಕ್ಲಾಸಿನವರು ನಾನು ಕುದುರೆಯಿಂದ ಬಿದ್ದೆನೇನೋ ಎಂದುಕೊಂಡರು.

ಮನೆಗೆ ಬಂದು ತಂತಿ ಬಗ್ಗಿಸಿದೆ. ಬೊಂಬೆ ಶೋಕೇಸಿಗೆ ಹೋದ ದಿನ ಅತ್ತೆ ಕನ್ನಡಕ ಹಾಕಿಕೊಂಡು ಬಂದು ನೋಡಿದರು.

"ಹೋದ ಸಲ ಮುಂದಿನ ಕಾಲು. ಈ ಸಲ ಹಿಂದಿನದು ಸೊಟ್ಟ ಮಾಡಿದ್ಯಲ್ಲಮ್ಮ."

"ಹೌದತ್ತೆ," ಎಂದೆ, "ಈಗ ಸರಿಯಾಗಿದೆ."