ಗಾಡಿಗೆ ಪೌಡರ್ ಹಾಕಿದ ಭಾನುವಾರ

2005ರ ಮಳೆಗಾಲ ಮುಗಿಯುವ ಹೊತ್ತಿಗೆ ಅಪ್ಪನ ಮೋಟರ್‌ಸೈಕಲ್ಲಿನಿಂದ ಎಂಜಿನ್ ಎಣ್ಣೆ ಸೋರತೊಡಗಿತು. ಮಕ್ಕಳೇ, ಆಗ ನಾನು ನಿಮ್ಮಷ್ಟೇ ಚಿಕ್ಕವನು, ನಾಲ್ಕನೇ ತರಗತಿಯಲ್ಲಿದ್ದೆ. ಕಲ್ಕತ್ತಾದ ಕಸ್ಬಾದಲ್ಲಿ ಒಂದು ಹಳೆಯ ಮನೆಯ ಮೊದಲ ಮಹಡಿಯಲ್ಲಿ ನಮ್ಮ ಬಾಡಿಗೆ ಸಂಸಾರ. ಅಪ್ಪ ಕೇಂದ್ರ ಸರ್ಕಾರದ ನೌಕರರು, ಧಾರವಾಡದ ಕಡೆಯವರು, ವರ್ಗವಾಗಿ ಬಂದವರು. ಮನೆಯೊಳಗೆ ನಾವು ಮಾತಾಡುತ್ತಿದ್ದದ್ದು ಧಾರವಾಡದ ಕನ್ನಡ. ಮೆಟ್ಟಿಲಿಳಿದರೆ ಹಿಂದಿ, ಬಂಗಾಳಿ. ಅವ್ವನಿಗೆ ಮಾತ್ರ ಅವೆರಡೂ ಬರುತ್ತಿರಲಿಲ್ಲ.

ಗಾಡಿ ನಿಲ್ಲುತ್ತಿದ್ದದ್ದು ಮೆಟ್ಟಿಲ ಕೆಳಗೆ, ಕೆಳಮನೆಯ ಮುದುಕರ ಬಾಗಿಲ ಎದುರು. ಅವರನ್ನು ನಾವು ಬಂಗಾಳಿಗಳಂತೆ 'ಜೇಠು' ಎಂದು, ಅಂದರೆ ದೊಡ್ಡಪ್ಪ ಎಂದು ಕರೆಯುತ್ತಿದ್ದೆವು. ಪ್ರತಿ ಬೆಳಿಗ್ಗೆ ಅವರ ಹೊಸ್ತಿಲ ಬಳಿ ಅಂಗೈಯಗಲದ ಕಪ್ಪು ಕಲೆ ಇರುತ್ತಿತ್ತು. ಜೇಠು ಅದನ್ನು ಕೋಲಿನಿಂದ ತೋರಿಸಿ ಅಪ್ಪನನ್ನು ಛೇಡಿಸುತ್ತಿದ್ದರು: "ಅರೇ ದಾದಾ, ಆಪ್‌ಕಾ ಗಾಡಿ ತೋ ರೋಜ್ ಅಲ್ಪನಾ ಬನಾತಾ ಹೈ!" ಅಲ್ಪನಾ ಎಂದರೆ ಬಂಗಾಳದವರ ರಂಗೋಲಿ; ನಿಮ್ಮ ಗಾಡಿ ದಿನಾ ರಂಗೋಲಿ ಹಾಕುತ್ತದಲ್ಲ ಎಂದು ತಮಾಷೆ. ಅಪ್ಪ ನಕ್ಕು, ಬೂದಿ ತಂದು ಕಲೆಯ ಮೇಲೆ ಸುರಿಯುತ್ತಿದ್ದರು.

ಮೆಕ್ಯಾನಿಕ್ ಎರಡು ಸಲ ರಿಪೇರಿ ಮಾಡಿದ್ದ. ಹನಿ ಬೀಳುತ್ತಿದ್ದದ್ದು ಎಂಜಿನ್ನಿನ ತಳದ ಬೋಲ್ಟಿನಿಂದ. ಹಾಗಾಗಿ ಒಮ್ಮೆ ಆ ಬೋಲ್ಟಿನ ವಾಷರ್ ಬದಲಿಸಿದ, ಇನ್ನೊಮ್ಮೆ ಬೋಲ್ಟನ್ನೇ ಬದಲಿಸಿದ. ಹನಿ ನಿಲ್ಲಲಿಲ್ಲ.

ನಾನು ಹೇಳಹೊರಟಿರುವುದು ದುರ್ಗಾಪೂಜೆಯ ರಜೆಗೆ ಮುಂಚಿನ ಒಂದು ಭಾನುವಾರದ ಸಂಗತಿ. ಮರುದಿನ ಊರಿಗೆಲ್ಲ ಬಂದ್. ಬಂದ್ ಎಂದರೆ ಬಸ್ಸಿಲ್ಲ, ಆಟೊ ಇಲ್ಲ, ಲೋಕಲ್ ರೈಲೂ ಇಲ್ಲ. ಅದೇ ದಿನ ಎಂಜಿನಿಯರಿಂಗ್ ಮುಗಿಸಿದ್ದ ಅಕ್ಕನಿಗೆ ಊರಿನ ಇನ್ನೊಂದು ಮಗ್ಗುಲಲ್ಲಿದ್ದ ಸೆಕ್ಟರ್ ಫೈವ್‌ನ ಒಂದು ಐಟಿ ಕಂಪನಿಯಲ್ಲಿ ಕೆಲಸದ ಪರೀಕ್ಷೆಯಿತ್ತು. ಬಂದ್ ಇದ್ದರೂ ಪರೀಕ್ಷೆ ನಡೆಯುತ್ತದೆ, ಬಾರದವರನ್ನು ಮತ್ತೆ ಕರೆಯುವುದಿಲ್ಲ ಎಂದು ಫೋನಿನಲ್ಲಿ ತಿಳಿಸಿದ್ದರು. ಅಲ್ಲಿಗೆ ಹೋಗಲು ನಮಗಿದ್ದದ್ದು ಅಪ್ಪನ ಗಾಡಿಯೊಂದೇ.

"ಎರಡು ಹನಿ ಬಿಟ್ಟರ ಏನಾತು? ಹಳೇ ಗಾಡಿ ಅದು," ಎಂದರು ಅಪ್ಪ.

"ನಡುದಾರ್ಯಾಗ ಎಣ್ಣಿ ಖಾಲಿ ಆಗಿ ಎಂಜಿನ್ ಹಿಡಕೊಂಡ್ರ ಏನ್ಮಾಡೂಣು?" ಎಂದಳು ಅಕ್ಕ. "ನಾಳೆ ಬೈಪಾಸ್‌ನ್ಯಾಗ ಒಂದು ನಾಯಿನೂ ಸಿಗಂಗಿಲ್ಲ. ಎಲ್ಲಿಂದ ಸೋರತದ ಅಂತ ನಾನ ನೋಡ್ತೀನಿ."

ಅವಳು ಸೀಮೆಎಣ್ಣೆ, ಹಳೆಯ ಬನಿಯನ್ನು, ಹಲ್ಲುಜ್ಜುವ ಬ್ರಷ್ಷು ಹಿಡಿದು ಕೆಳಗಿಳಿದಳು. ನಾನೂ ಹಿಂದೆ ಹೋದೆ. ಎಂಜಿನ್ನಿನ ಮೇಲೆ ಎಣ್ಣೆ ಮತ್ತು ಧೂಳು ಸೇರಿ ಹಲ್ವದಂತೆ ಮೆತ್ತಿಕೊಂಡಿತ್ತು. ಉಜ್ಜಿ ಉಜ್ಜಿ ಅಲ್ಯೂಮಿನಿಯಂ ಬಣ್ಣ ಬರುವಷ್ಟರಲ್ಲಿ ಅಕ್ಕನ ಮೊಣಕೈವರೆಗೂ ಕಪ್ಪು. ಆಮೇಲೆ ನನ್ನನ್ನು ಎದುರಿನ ಕ್ಲಬ್ಬಿಗೆ ಓಡಿಸಿದಳು. ಅಲ್ಲಿ ಹುಡುಗರು ಇಡೀ ದಿನ ಕ್ಯಾರಂ ಆಡುತ್ತಿದ್ದರು. ನಾನು ಬೋರ್ಡಿಗೆ ಹಾಕುವ ಪೌಡರ್ ಕೇಳಿದ ಕೂಡಲೇ ಒಬ್ಬ ಕಿಟಕಿಯಿಂದ ಕೂಗಿದ: "ದೀದಿ, ಗಾಡಿ ಭೀ ಕ್ಯಾರಂ ಖೇಲೇಗಾ ಕ್ಯಾ?" ಗಾಡಿಯೂ ಕ್ಯಾರಂ ಆಡುತ್ತದಾ ಎಂದು ಅಕ್ಕನಿಗೆ ಕೀಟಲೆ. ಆದರೂ ಡಬ್ಬಿ ಕೊಟ್ಟ.

ಒರೆಸಿ ಒಣಗಿಸಿದ ಎಂಜಿನ್ನಿಗೆ ಅಕ್ಕ ಪೌಡರ್ ಉದುರಿಸಿದಳು. ಗಾಡಿ ಮಗುವಿನಂತೆ ಬೆಳ್ಳಗಾಯಿತು. ಜೇಠು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತರು. ಅಪ್ಪ ಕಚೇರಿಗೆ ಹೋಗುವಂತೆ ಷೂ ಹಾಕಿಕೊಂಡು ಬಂದು, ರಾಸ್‌ಬಿಹಾರಿ ರಸ್ತೆ ಸೇರುವವರೆಗೂ ಹೋಗಿ ಒಂದು ಸುತ್ತು ಹಾಕಿ ಬಂದರು.

ನಾನು ಟಾರ್ಚು ಹಿಡಿದೆ. ಬಿಸಿ ಲೋಹದ ವಾಸನೆ, ಸುಟ್ಟ ಎಣ್ಣೆಯ ವಾಸನೆ. ತಳದ ಬೋಲ್ಟು ಆಗಲೇ ಒದ್ದೆಯಾಗಿತ್ತು. ಆದರೆ ಅಕ್ಕ ಅದನ್ನು ನೋಡಲಿಲ್ಲ. ಅಲ್ಲಿಂದ ಮೇಲಕ್ಕೆ ಬೆರಳು ಸರಿಸುತ್ತ ಹೋದಳು. ಬಿಳಿ ಪೌಡರಿನ ನಡುವೆ ಎಣ್ಣೆ ಹರಿದ ಒಂದು ಬೂದುಗೆರೆ. ಅದು ಎಂಜಿನ್ನಿನ ಎಡಬದಿಯನ್ನು ಹಿಡಿದು, ಮುಂದಕ್ಕೆ ಏರಿ, ಗೇರ್ ಹಾಕುವ ಲಿವರಿನ ಬುಡದಲ್ಲಿ ನಿಂತಿತು. ಅದರಿಂದಾಚೆ ಪೌಡರ್ ಹಾಲಿನಷ್ಟು ಬೆಳ್ಳಗಿತ್ತು.

"ಸಿಕ್ತು," ಎಂದಳು ಅಕ್ಕ. "ಈ ಲಿವರಿನ ಬುಡಕ್ಕ ಒಂದು ರಬ್ಬರ್ ಸೀಲ್ ಇರ್ತದ. ಅದು ಹೋಗೇದ. ಇಲ್ಲಿ ಒಸರಿದ್ದು ಗಾಳಿಗೆ ಹಿಂದಕ್ಕ ಹರದು ಬೋಲ್ಟಿನ ತನಕಾ ಬರ್ತದ."

ಜೇಠು ಚಪ್ಪಾಳೆ ತಟ್ಟಿದರು. ನಾನು ಕುಣಿದೆ. ಅಕ್ಕ ಏಳಲಿಲ್ಲ. ಲಿವರು ಕೆಳಕ್ಕೆ ಬಾಗಿತ್ತು, ಯಾರೋ ದಿನವೂ ಮೇಲಿಂದ ಗುದ್ದಿದ ಹಾಗೆ. ಅವಳು ಅದನ್ನು ಕೈಯಿಂದ ಅಲುಗಿಸಿದಳು. ಸಡಿಲವಾಗಿ ಆಡಿತು.

"ಅಪ್ಪಾ, ಒಮ್ಮೆ ಹತ್ತಿ ಕೂತು ಗೇರ್ ಹಾಕಿ ತೋರಸ್ರಿ."

ಅಪ್ಪ ಕೂತರು. ಮೊದಲು ಬಗ್ಗಿ, ಲಿವರು ಎಲ್ಲಿದೆಯೆಂದು ಕಣ್ಣಿನಿಂದ ನೋಡಿಕೊಂಡರು. ಆಮೇಲೆ ಇಡೀ ಕಾಲೆತ್ತಿ ಧಪ್ಪೆಂದು ತುಳಿದರು.

"ಹಿಂಗ್ಯಾಕ ತುಳೀತೀರಿ?"

"ಮತ್ತ ಹೆಂಗ ತುಳೀಬೇಕು? ಗೇರ್ ಬಿದ್ದದ್ದು ಗೊತ್ತಾಗಬೇಕಲ್ಲ."

ಅಕ್ಕ ಅಪ್ಪನ ಎಡ ಷೂವನ್ನೇ ನೋಡುತ್ತಿದ್ದಳು. ಚರ್ಮದ ಅಂಚಿನಲ್ಲಿ ಎಣ್ಣೆ ಒಸರಿ ಹೊಳೆಯುತ್ತಿತ್ತು. ಅಷ್ಟರಲ್ಲಿ ಮೆಟ್ಟಿಲ ಮೇಲೆ ನಿಂತಿದ್ದ ಅವ್ವ ಹೇಳಿದಳು: "ಎಡಗಾಲಿನ ಕಾಲ್ಚೀಲ ಎಷ್ಟ ತಿಕ್ಕಿದ್ರೂ ವಾಸನಿ ಹೋಗಂಗಿಲ್ಲ. ಎರಡು ವಾರ ಆತು ಹೇಳ್ಲಿಕ್ಕೆ ಹತ್ತಿ."

"ಷೂ ಬಿಚ್ಚರಿ," ಎಂದಳು ಅಕ್ಕ.

ಅಪ್ಪ ಮೆಟ್ಟಿಲ ಮೇಲೆ ಕೂತು ಷೂ ಬಿಚ್ಚಿ ಬೋರಲು ಹಾಕಿದರು. ಒಳಗಿಂದ ಕೆಂಪು ಮಣ್ಣಿನ ಚೂರೊಂದು ಟಿಣ್ಣೆಂದು ಬಿತ್ತು. ರಸ್ತೆಬದಿಯಲ್ಲಿ ಚಹಾ ಕೊಡುವ ಮಣ್ಣಿನ ಕುಡಿಕೆಗಳಿರುತ್ತವಲ್ಲ, ಜನ ಕುಡಿದು ಒಗೆದು ಒಡೆಯುತ್ತಾರಲ್ಲ, ಅದರ ಅಂಚು. ಒಂದು ಮೂಲೆ ಚೂಪಾಗಿತ್ತು. ಕಾಲ್ಚೀಲ ಕಪ್ಪು ಬಣ್ಣದ್ದು. ಅಕ್ಕ ಅದನ್ನು ಎಳೆದಳು. ಎಣ್ಣೆಯ ವಾಸನೆಯ ಹಿಂದೆಯೇ ಇನ್ನೊಂದು ವಾಸನೆ ಬಂತು. ಜೇಠು ಕುರ್ಚಿಯಿಂದ ಎದ್ದು ನಿಂತರು. ಕಿರುಬೆರಳು ಮತ್ತು ಅದರ ಪಕ್ಕದ ಬೆರಳು ಊದಿ, ಬುಡದಲ್ಲಿ ಕಪ್ಪಾಗಿದ್ದವು. ಅಂಗಾಲಿನಲ್ಲಿ ತೂತಿನಂಥ ಗಾಯ.

ನಮ್ಮೆಲ್ಲರಿಗಿಂತ ಹೆಚ್ಚು ಬೆರಗಾದವರು ಅಪ್ಪ. "ಇದ್ಯಾವಾಗ ಆತು? ನನಗೇನೂ ನೋವ ಇಲ್ಲಲ್ಲ," ಎಂದರು.

"ಇಷ್ಟ ಗಾಯ ಆದ್ರೂ ನೋವಿಲ್ಲ ಅಂತೀರಲ್ಲಾ, ಅದಕ್ಕ ನನಗ ಅಂಜಿಕಿ," ಎಂದಳು ಅಕ್ಕ.

ಅಪ್ಪನಿಗೆ ಸಕ್ಕರೆ ಕಾಯಿಲೆಯಿತ್ತು. ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಚಹಾಕ್ಕೆ ಸಕ್ಕರೆ ಬಿಟ್ಟರೆ ಮುಗಿಯಿತು ಎಂದುಕೊಂಡಿದ್ದೆವು. ಸಂಜೆ ಬೀದಿಯ ಔಷಧದ ಅಂಗಡಿಯಲ್ಲಿ ಕೂರುವ ಡಾಕ್ಟರು ಅಪ್ಪನಿಗೆ ಕಣ್ಣು ಮುಚ್ಚಿಕೊಳ್ಳಲು ಹೇಳಿ, ಎಡಪಾದವನ್ನು ಸೂಜಿಯಿಂದ ಮೆಲ್ಲಗೆ ಚುಚ್ಚುತ್ತ ಬಂದರು. ಅಪ್ಪ "ಶುರು ಮಾಡ್ರಿ" ಎನ್ನುವಂತೆ ಕಾಯುತ್ತ ಕೂತಿದ್ದರು. ಚುಚ್ಚುವುದು ಮುಗಿದಿತ್ತು. ಸಕ್ಕರೆ ಹೆಚ್ಚಾಗಿ ಪಾದದ ನರಗಳು ಸತ್ತಿವೆ, ನಾಳೆ ಬೆಳಿಗ್ಗೆಯೇ ಆಸ್ಪತ್ರೆಗೆ ಸೇರಿಸಿ, ಒಂದು ದಿನವೂ ತಡಮಾಡಬೇಡಿ ಎಂದರು ಡಾಕ್ಟರು. ಬಂದ್ ದಿನವೂ ಆಂಬುಲೆನ್ಸ್ ಓಡುತ್ತದೆ, ನಮ್ಮ ಕ್ಲಬ್ಬಿನದನ್ನೇ ಕಳಿಸುತ್ತೇವೆ ಎಂದರು ಕ್ಲಬ್ಬಿನ ಹುಡುಗರು.

ಮನೆಗೆ ಬಂದ ಮೇಲೆ ಅಪ್ಪ ಮಂಚದ ಮೇಲೆ ಕಾಲು ಚಾಚಿ ಕೂತರು. "ನಾನೂ ನಿಮ್ಮವ್ವನೂ ಆಸ್ಪತ್ರಿಗೆ ಹೋಗ್ತೀವಿ. ಕ್ಲಬ್ಬಿನ ಒಬ್ಬ ಹುಡುಗ ಗಾಡಿ ಮ್ಯಾಲ ನಿನ್ನ ಬಿಟ್ಟು ಬರ್ತಾನ. ನೀ ಪರೀಕ್ಷಾ ತಪ್ಪಸಬ್ಯಾಡ," ಎಂದರು.

ಅಕ್ಕ ಅವ್ವನ ಮುಖ ನೋಡಿದಳು. ಅವ್ವ ತವೆಯ ಮೇಲಿನ ರೊಟ್ಟಿ ಮಗುಚುತ್ತಿದ್ದಳು. ತಲೆ ಎತ್ತದೆಯೇ ಹೇಳಿದಳು: "ನಿಮ್ಮಪ್ಪನ್ನ ಒಳಗ ಒಯ್ದಮ್ಯಾಲ ಡಾಕ್ಟರು ಏನ ಕೇಳಿದ್ರೂ ನನಗ ತಿಳ್ಯಂಗಿಲ್ಲ. ತಿಳೀದಿದ್ದಕ್ಕೆಲ್ಲಾ ನಾ ಹೂಂ ಅಂದ್ಬಿಡ್ತೀನಿ. ಕಾಲು ತಗೀತೀವಿ ಅಂದ್ರೂ ಹೂಂ ಅಂದೇನು."

ಅಕ್ಕ ಪರೀಕ್ಷೆಗೆಂದು ಇಸ್ತ್ರಿ ಮಾಡಿ ಕುರ್ಚಿಗೆ ಹಾಕಿದ್ದ ಸಲ್ವಾರನ್ನು ಮಡಿಚಿ ಕಪಾಟಿನಲ್ಲಿಟ್ಟಳು.

ಬೆಳಿಗ್ಗೆ ಅಪ್ಪ, ಅವ್ವ, ಅಕ್ಕ ಆಂಬುಲೆನ್ಸಿನಲ್ಲಿ ಹೋದರು. ನಾನು ಜೇಠು ಅವರ ಮನೆಯಲ್ಲಿ ಉಳಿದೆ. ಖಾಲಿ ರಸ್ತೆಯಲ್ಲಿ ಹುಡುಗರು ಇಟ್ಟಿಗೆಗಳನ್ನು ನಿಲ್ಲಿಸಿ ಕ್ರಿಕೆಟ್ ಆಡುತ್ತಿದ್ದರು. ನನ್ನನ್ನೂ ಕರೆದರು. ನಾನು ಹೋಗಲಿಲ್ಲ.

ಆಸ್ಪತ್ರೆಯಲ್ಲಿ ಮೊದಲು ಪಾದವನ್ನೇ ತೆಗೆಯುವ ಮಾತು ಬಂತಂತೆ. ದೊಡ್ಡ ಡಾಕ್ಟರು ಬಂದು ನೋಡುವವರೆಗೆ ಅಕ್ಕ ಸಹಿ ಹಾಕಲಿಲ್ಲ. ಅವರು ನೋಡಿ, ಎರಡು ಬೆರಳು ತೆಗೆದರೆ ಸಾಕು ಎಂದರು. ಹಾಗೆಯೇ ಮಾಡಿದರು.

ಮಕ್ಕಳೇ, ನಿಮ್ಮ ಗಾಡಿಗಳಲ್ಲಿ ಎಂಜಿನ್ ಎಣ್ಣೆಯೇ ಇಲ್ಲ. ನೆಲದ ಮೇಲಿನ ಆ ಕಪ್ಪು ಕಲೆಯನ್ನೂ, ಅದರ ಮೇಲೆ ಬೂದಿ ಸುರಿಯುವುದನ್ನೂ ನೀವು ಕಂಡಿಲ್ಲ. ಏನಾದರೂ ಕೆಟ್ಟರೆ ಗಾಡಿಯೇ ಪರದೆಯ ಮೇಲೆ ತೋರಿಸುತ್ತದೆ. ನಿಮ್ಮ ಅಪ್ಪನ ರಕ್ತದಲ್ಲಿ ಸಕ್ಕರೆ ಏರಿದರೆ ಅವನ ತೋಳಿಗೆ ಅಂಟಿಸಿದ ಬಿಲ್ಲೆ ಕೂಗುತ್ತದೆ, ನೀವು ಆಟ ನಿಲ್ಲಿಸಿ ಓಡಿ ಬರುತ್ತೀರಿ. ಆ ವರ್ಷ ಕಸ್ಬಾದಲ್ಲಿ ನಮ್ಮ ಬಳಿ ಇದ್ದದ್ದು ಒಂದು ಡಬ್ಬಿ ಕ್ಯಾರಂ ಪೌಡರ್.

ಅಪ್ಪ ಮತ್ತೆ ಗಾಡಿ ಓಡಿಸಲಿಲ್ಲ. ನಿವೃತ್ತಿಯವರೆಗೂ ಬಸ್ಸಿನಲ್ಲಿ ಕಚೇರಿಗೆ ಹೋದರು, ತಮ್ಮ ಎರಡೂ ಪಾದಗಳ ಮೇಲೆ ನಡೆದರು. ಸೆಕ್ಟರ್ ಫೈವ್‌ನ ಆ ಕಂಪನಿ ಅಕ್ಕನನ್ನು ಮತ್ತೆ ಕರೆಯಲಿಲ್ಲ.