ಲೈಸೆನ್ಸು ಹೋದ ಎರಡು ವರ್ಷ

ಫ್ರೀಮಾಂಟಿನ ಒಂದು ಇಂಡಿಯನ್ ಗ್ರೋಸರಿಯಲ್ಲಿ ನಾನು ವ್ಯಾನ್ ಓಡಿಸುತ್ತಿದ್ದೆ. ಅಕ್ಕಿ, ಬೇಳೆ, ಇಡ್ಲಿ ಹಿಟ್ಟಿನ ಡಬ್ಬಗಳನ್ನು ಸುತ್ತಲಿನ ಊರುಗಳಲ್ಲಿ ಡಬ್ಲಿನ್‌ವರೆಗಿನ ಮನೆಗಳಿಗೆ ಮುಟ್ಟಿಸುವ ಕೆಲಸ. ಮೊದಲೇ ಇಲ್ಲಿ ನೆಲೆಸಿದ್ದ ಅಕ್ಕ ಹಾಕಿದ ವೀಸಾ ಅರ್ಜಿಯ ಮೇಲೆ ಬೆಂಗಳೂರಿನಿಂದ ಅಮೆರಿಕಕ್ಕೆ ಬಂದವರು ನಾವು. ಇಂಜಿನಿಯರೂ ಅಲ್ಲ, ಡಾಕ್ಟರೂ ಅಲ್ಲ. ಹೆಂಡತಿ ಹಗಲೆಲ್ಲ ಒಂದು ಡೇಕೇರಿನಲ್ಲಿ ದುಡಿದು, ಸಂಜೆ ಮೆನ್ಲೋ ಪಾರ್ಕಿನ ಹತ್ತಿರ ನರ್ಸಿಂಗ್ ಸಹಾಯಕಿಯ ತರಬೇತಿಗೆ ಹೋಗುತ್ತಿದ್ದಳು. ಕಾರು ಓಡಿಸಲು ಬಾರದ ಅವಳನ್ನು ಕೊಲ್ಲಿಯ ಸೇತುವೆ ದಾಟಿಸಿ ಬಿಟ್ಟು, ಮತ್ತೆ ಕರೆತರುವುದು ನನ್ನ ಪಾಲಿಗಿತ್ತು.

ಇಲ್ಲಿ ಸಿಗ್ನಲ್ ಕೆಂಪಿದ್ದರೂ ಪೂರ್ತಿ ನಿಂತು ಬಲಕ್ಕೆ ತಿರುಗಬಹುದು; ಒಂದು ದಿನ ನಾನು ಕಾರನ್ನು ಪೂರ್ತಿ ನಿಲ್ಲಿಸದೆ ತಿರುಗಿಸಿದೆ. ದಂಡದ ಟಿಕೆಟ್ ಬಿತ್ತು. ತಪ್ಪು ನನ್ನದೇ, ಇವತ್ತಿಗೂ ಅಲ್ಲವೆನ್ನುವುದಿಲ್ಲ. ಆದರೆ ದಂಡದ ಮೇಲೆ ಅದೂ ಇದೂ ಶುಲ್ಕ ಸೇರಿ ಅದು ಎರಡು ವಾರದ ಸಂಬಳಕ್ಕಿಂತ ಹೆಚ್ಚಾಗಿತ್ತು. ಕೋರ್ಟಿನ ಕಿಟಕಿಯಲ್ಲಿ, ಸ್ವಲ್ಪ ಸ್ವಲ್ಪವಾಗಿ ಕಟ್ಟಬಹುದೇ ಎಂದು ಕೇಳಿದೆ.

"ಪೂರ್ತಿ ಕಟ್ಟಿ. ಇಲ್ಲದಿದ್ದರೆ ಲೇಟ್ ಫೀಸು ಸೇರುತ್ತೆ," ಎಂದಳು ಗುಮಾಸ್ತೆ, ಕಂಪ್ಯೂಟರಿನಿಂದ ಕಣ್ಣು ತೆಗೆಯದೆ.

ಅದೇ ತಿಂಗಳು ಅಪಾರ್ಟ್‌ಮೆಂಟಿನ ಬಾಡಿಗೆ ಏರಿತ್ತು. ಕಟ್ಟಲಾಗಲಿಲ್ಲ. ಕೆಲವು ವಾರಗಳ ನಂತರ ಕಾಗದ ಬಂತು: ದಂಡ ಕಟ್ಟುವವರೆಗೆ ಲೈಸೆನ್ಸು ಅಮಾನತು.

ಅಂಗಡಿಯ ಮಾಲೀಕರಿಂದ ಮುಚ್ಚಿಡುವಂತಿರಲಿಲ್ಲ. "ನಿಮ್ಮ ಮೇಲೆ ನಂಗೇನೂ ಕೋಪ ಇಲ್ಲ," ಎಂದರು. "ಇನ್ಶೂರೆನ್ಸಿನವರು ಒಪ್ಪಲ್ಲ, ಏನ್ ಮಾಡ್ಲಿ?" ಹಿಂದಿನ ಕೋಣೆಯಲ್ಲಿ ಬೇಳೆ ಪ್ಯಾಕ್ ಮಾಡಲು ಹಾಕಿದರು, ವಾರಕ್ಕೆ ಮೂರೇ ದಿನ. ದಂಡ ಕಟ್ಟಲು ಇದ್ದದ್ದು ಆ ವ್ಯಾನಿನ ದುಡಿಮೆಯೊಂದೇ. ಅದನ್ನೇ ಕಿತ್ತುಕೊಂಡು, ಈಗ ಕಟ್ಟು ಎನ್ನುತ್ತಿದ್ದರು.

ನಾನು ಸಾಮಾನು ಮುಟ್ಟಿಸುತ್ತಿದ್ದ ಮನೆಯ ಇಂಜಿನಿಯರೊಬ್ಬರು ಅಂಗಡಿಗೆ ಬಂದಾಗ ವಿಷಯ ತಿಳಿದು ನಕ್ಕರು. "ಅಷ್ಟೇನಾ? ನಂಗೂ ಅಂಥದ್ದೇ ಟಿಕೆಟ್ ಬಂದಿತ್ತು. ಮೀಟಿಂಗಲ್ಲಿ ಕೂತ್ಕೊಂಡೇ ಫೋನಲ್ಲಿ ಕಟ್ಟಿಬಿಟ್ಟೆ. ಇದನ್ನೆಲ್ಲ ಇಗ್ನೋರ್ ಮಾಡ್ಬಾರ್ದು ನೀವು." ನಾನು ಅವರ ಅಕ್ಕಿಮೂಟೆಯನ್ನು ಕಾರಿನಲ್ಲಿ ಇಟ್ಟುಕೊಟ್ಟೆ.

ಹೆಂಡತಿಯ ತರಬೇತಿ ಮುಗಿಯಲು ಎರಡು ತಿಂಗಳಿತ್ತು. ಡೇಕೇರಿನಿಂದ ಬಸ್ಸು ಹಿಡಿದರೆ ಕ್ಲಾಸು ಅರ್ಧ ಮುಗಿದಿರುತ್ತಿತ್ತು. ಹಾಗಾಗಿ ಲೈಸೆನ್ಸಿಲ್ಲದೆಯೇ ಕಾರು ತೆಗೆದೆ. ಐದು ವಾರ, ಕನ್ನಡಿಯಲ್ಲಿ ಹಿಂದೆ ಯಾರಿದ್ದಾರೆಂದು ನೋಡುತ್ತಲೇ ಓಡಿಸಿದೆ. ಒಂದು ಸಂಜೆ ಸೇತುವೆ ಇಳಿಯುತ್ತಿದ್ದಂತೆ, ಹಿಂದಿನ ದೀಪ ಕೆಟ್ಟಿದೆ ಎಂದು ಪೊಲೀಸರು ನಿಲ್ಲಿಸಿದರು. ಲೈಸೆನ್ಸಿನ ನಂಬರು ಹಾಕಿ ನೋಡಿದ ಅಧಿಕಾರಿ ಬಹಳ ಮರ್ಯಾದೆಯಿಂದಲೇ ಇಳಿಯಲು ಹೇಳಿದ. ಕಾರನ್ನು ಎಳೆದೊಯ್ದರು.

ಅಕ್ಕನಿಗೆ ಫೋನ್ ಮಾಡಿ ರಸ್ತೆಯ ಅಂಚಿನಲ್ಲಿ ನಿಂತೆವು. ಹೆಂಡತಿ ಯೂನಿಫಾರ್ಮಿನ ಚೀಲವನ್ನು ಎದೆಗೊತ್ತಿಕೊಂಡಿದ್ದಳು. ಹಾದುಹೋಗುವ ಕಾರುಗಳ ಗಾಳಿಗೆ ಅವಳ ಕೂದಲು ಮುಖದ ಮೇಲೆ ಬೀಳುತ್ತಿತ್ತು, ಸರಿಸಿಕೊಳ್ಳಲಿಲ್ಲ.

"ನಾಳೆಯಿಂದ ನಾನು ಹೋಗಲ್ಲ," ಎಂದಳು.

"ಇನ್ನು ಮೂರೇ ವಾರ ಇರೋದು."

"ನನ್ನ ಕ್ಲಾಸಿಗೋಸ್ಕರ ನೀವು ಜೈಲಿಗೆ ಹೋಗೋದು ಬೇಡ."

ಕಾರನ್ನು ಬಿಡಿಸಿಕೊಳ್ಳಲು ಕೇಳಿದ ಹಣ ಆ ಹಳೆಯ ಕಾರಿನ ಬೆಲೆಗಿಂತ ಹೆಚ್ಚಿತ್ತು. ಅಲ್ಲೇ ಬಿಟ್ಟೆವು. ಎರಡು ವರ್ಷ ಬಸ್ಸಿಗಾಗಿ ಕಾದೆ.

ಆಮೇಲೆ ಕಾನೂನು ಬದಲಾಯಿತು. ದಂಡ ಕಟ್ಟಲಾಗದ ಕಾರಣಕ್ಕೆ ಇನ್ನು ಲೈಸೆನ್ಸು ಕಸಿಯುವುದಿಲ್ಲವಂತೆ, ಹಿಂದೆ ಕಸಿದದ್ದನ್ನೂ ಮರಳಿಸುತ್ತಾರಂತೆ. ಸಾಲಿನಲ್ಲಿ ನಿಂತು, ಫೋಟೋ ತೆಗೆಸಿಕೊಂಡು ಹೊಸ ಕಾರ್ಡ್ ಪಡೆದೆ. ಕೌಂಟರಿನಾಕೆ ಅಭಿನಂದಿಸಿದಳು. ಯಾವ ಸಾಧನೆಗೆ ಎಂದು ನಾನು ಕೇಳಲಿಲ್ಲ.

ಮನೆಗೆ ಬಂದು, ಮತ್ತೆ ಕ್ಲಾಸಿಗೆ ಸೇರು, ನಾನು ಬಿಡ್ತೀನಿ ಎಂದೆ. ಮೊದಲು ಕಲಿತದ್ದು ಲೆಕ್ಕಕ್ಕಿಲ್ಲ, ಆರಂಭದಿಂದ ಶುರು ಮಾಡಬೇಕೆಂದು ಅವಳು ಆಗಲೇ ವಿಚಾರಿಸಿಕೊಂಡಿದ್ದಳು.

"ನಂಗಾಗಲ್ಲ. ಇನ್ನೊಂದ್ಸಲ ಕೇಳ್ಬೇಡಿ."

ಕೇಳಲಿಲ್ಲ. ನಾನೀಗ ಮತ್ತೆ ವ್ಯಾನ್ ಓಡಿಸುತ್ತೇನೆ. ಅವಳು ಡೇಕೇರಿನಲ್ಲೇ ಇದ್ದಾಳೆ.