ಸರಿಯುತ್ತರದ ಏಟು

ಕಾಡಂಚಿನ ನಮ್ಮ ಬುಡಕಟ್ಟಿನ ಹಾಡಿಯಿಂದ ಕೋಟೆ ಊರಿನ ಸ್ಕೂಲಿಗೆ ನಾನು ಬಂದದ್ದು ಅರವತ್ತರ ದಶಕದ ಕೊನೆಯಲ್ಲಿ. ಇದ್ದದ್ದು ಹಾಸ್ಟೆಲಿನಲ್ಲಿ. ಗಂಟೆ ಹೊಡೆದರೆ ಏಳಬೇಕು, ಗಂಟೆ ಹೊಡೆದರೆ ಉಣ್ಣಬೇಕು. ನನಗದು ಹಿಡಿಸಿತು. ಇಂಗ್ಲಿಷ್ ಬಹುವಚನದ ನಿಯಮಗಳೂ ಹಿಡಿಸಿದವು. ‘ವೈ’ ಹೋಗಿ ‘ಐಇಎಸ್’ ಬರುವುದು, ‘ಎಫ್’ ಹೋಗಿ ‘ವಿ’ ಬರುವುದು, ಎಲ್ಲವನ್ನೂ ಬೆಳಗಿನ ಹೊತ್ತು ಬಾವಿಕಟ್ಟೆಯಲ್ಲಿ ಉರು ಹೊಡೆಯುತ್ತಿದ್ದೆ.

ತರಗತಿಯಲ್ಲಿ ಇನ್ನೊಂದು ನಿಯಮವಿತ್ತು. ಸರಿಯುತ್ತರ ಹೇಳಿದವನು, ತಪ್ಪು ಹೇಳಿ ನಿಂತವರ ಮೂಗು ಹಿಡಿದು ಕೆನ್ನೆಗೆ ಹೊಡೆಯಬೇಕು. ಅದು ಇಂಗ್ಲಿಷ್ ಮೇಷ್ಟ್ರೇ ಮಾಡಿದ್ದು.

ಒಂದು ದಿನ ‘ನೈಫ್’ ಪದದ ಬಹುವಚನ ಕೇಳಿದರು. ಮುಂದಿನ ಬೆಂಚುಗಳೆಲ್ಲ ತಪ್ಪು ಹೇಳಿ ಎದ್ದು ನಿಂತವು. ನಾನು ಒಂದೊಂದೇ ಅಕ್ಷರ ಬಿಡಿಸಿ ಹೇಳಿದೆ. ಸರಿಯಾಗಿತ್ತು. ಮೊದಲು ನಿಂತಿದ್ದವನು ಊರ ಪಟೇಲರ ಮಗ. ಹತ್ತಿರ ಹೋದೊಡನೆ ಎರಡೂ ಕೈಯಲ್ಲಿ ಮೂಗು ಮುಚ್ಚಿಕೊಂಡ.

“ಮುಟ್ಟಬ್ಯಾಡ ಕಣ್ಲಾ! ಸಾ, ಆಡಿಯವನು ಸಾ!”

“ಲೇ, ನೀನು ಕೂತ್ಕೊಳೋ. ಉತ್ತರ ಸರಿ, ಸಾಕು,” ಎಂದರು ಮೇಷ್ಟ್ರು ನನಗೆ.

“ಸರಿ ಏಳ್ದೋನು ಒಡೀಬೇಕು ಅಂತ ನೀವೇ ಅಂದಿದ್ರಿ ಸಾ,” ಎಂದೆ.

ತರಗತಿ ಗೊಳ್ಳೆಂದಿತು. ಮೇಷ್ಟ್ರು ನನ್ನ ಪಕ್ಕದವನಿಂದ ಅದೇ ಉತ್ತರವನ್ನು ಮತ್ತೆ ಹೇಳಿಸಿದರು. ನಾನು ಕೊಡಬೇಕಿದ್ದ ಏಟುಗಳನ್ನು ಅವನು ಕೊಟ್ಟು ಬಂದ. ಆಮೇಲೆ ಪ್ರಶ್ನೆ ನನ್ನ ಪಕ್ಕದವನವರೆಗೆ ಬಂದು, ನನ್ನನ್ನು ದಾಟಿ, ಹಿಂದಿನ ಬೆಂಚಿಗೆ ಹೋಗತೊಡಗಿತು. ಕೆಲವು ದಿನ ಕೈ ಎತ್ತಿದೆ. ಮೇಷ್ಟ್ರ ಕಣ್ಣು ಕಿಟಕಿಯ ಕಡೆಗೇ ಇರುತ್ತಿತ್ತು. ಎತ್ತುವುದನ್ನು ಬಿಟ್ಟೆ.

ವರ್ಷದ ಕೊನೆಗೆ ಇನ್‌ಸ್ಪೆಕ್ಟರು ಬಂದರು. “ಎಲ್ಲಿ, ‘ಲೀಫ್’ಗೆ ಬಹುವಚನ ಹೇಳ್ರಪ್ಪ ನೋಡೋಣ.” ಯಾರಿಗೂ ಉತ್ತರ ಬರಲಿಲ್ಲ. ಅಂದು ಮೇಷ್ಟ್ರ ಕಣ್ಣು ಕಿಟಕಿ ಬಿಟ್ಟು ನನ್ನ ಮೇಲೆ ನಿಂತಿತು. ಹೇಳು ಎಂದು ಗದ್ದ ಎತ್ತಿ ಸನ್ನೆ ಮಾಡಿದರು. ನಾನು ಕೈಕಟ್ಟಿ, ನೆಟ್ಟಗೆ ಕುಳಿತಿದ್ದೆ. ಇನ್‌ಸ್ಪೆಕ್ಟರು ಏನೋ ಬರೆದುಕೊಂಡು ಹೊರಟರು.

“ನಿನಗೆ ಗೊತ್ತಿತ್ತು ಕಣೋ. ಯಾಕೆ ಬಾಯಿ ಬಿಡಲಿಲ್ಲ?” ಎಂದರು ಮೇಷ್ಟ್ರು.

“ನಾ ಸರಿ ಏಳಿದ್ರೆ ಒಡಿಯೋರು ಯಾರು ಸಾ?”

ಮೇಷ್ಟ್ರು ಮೂಲೆಯಲ್ಲಿದ್ದ ಬೆತ್ತ ತೆಗೆದುಕೊಂಡರು. ದೂರ ನಿಂತೇ ಹೊಡೆದರು. ಬೆತ್ತಕ್ಕೆ ಮುಟ್ಟುವ ತೊಂದರೆ ಇರಲಿಲ್ಲ.